ಗುರುವಾರದ ಗಾಡಿ

ಪೆಟ್ರೋಲ್ ರೇಟು ಏರಿದ ಸುದ್ದಿಯನ್ನು ನಮ್ಮ ಮನೆಯವರು ಯಾರೋ ತೀರಿಹೋದ ಸುದ್ದಿಯ ಹಾಗೆ ಓದುತ್ತಾರೆ. ಬೈಲಹೊಂಗಲದ ನಮ್ಮ ಮನೆಯ ಕಟ್ಟೆಯ ಮೇಲೆ ಪೇಪರು ಹಿಡಿದು ಕುಳಿತವರು ಮೊದಲು ನನ್ನನ್ನು ನೋಡುತ್ತಾರೆ, ಆಮೇಲೆ ಬೇವಿನ ಗಿಡದ ಕೆಳಗೆ ನಿಂತ ನನ್ನ ಹಳೆಯ ಕಾರನ್ನು ನೋಡುತ್ತಾರೆ.

"ಮತ್ತ ಏರೇತಿ ನೋಡ. ಇನ್ನ ನಿನ್ನ ಗುರುವಾರದ ಸವಾರಿ ಕಠಿಣ ಐತಿ."

"ನಿಮ್ಮ ಪಾನಪಟ್ಟಿ ಅಂಗಡಿ ಸವಾರಿ ಕಠಿಣ ಆಗೂದಿಲ್ಲೇನ್ರಿ?"

"ಅದಕ್ಕ ನಾ ನಡಕೋತ ಹೋಗ್ತೇನಿ. ನೀನೂ ಮುನವಳ್ಳಿಗೆ ನಡಕೋತ ಹೋಗ."

ಇಂಥ ಮಾತಿಗೆ ಉತ್ತರ ಕೊಡಬಾರದು ಎಂದು ಕಾನ್ವೆಂಟಿನಲ್ಲಿ ಕಲಿಸಿದ್ದರು. ಸೈಲೆನ್ಸ್ ಈಸ್ ಆಲ್ಸೋ ಗುಡ್ ಮ್ಯಾನರ್ಸ್. ನಾನು ಸುಮ್ಮನಾದೆ. ಆದರೆ ಈ ಸಲ ಚಿಂತೆ ಸುಮ್ಮನಾಗಲಿಲ್ಲ. ಪೆನ್ಷನ್ನಿನಲ್ಲಿ ಔಷಧಿ, ಕರೆಂಟು, ಕಿರಾಣಿ ಎಲ್ಲ ಕಳೆದ ಮೇಲೆ ಉಳಿಯುವುದನ್ನು ನನ್ನ ಕಾರು ಗಟಗಟ ಕುಡಿದುಬಿಡುತ್ತದೆ ಎಂಬುದು ನನಗೂ ಗೊತ್ತಿತ್ತು.

ಗುರುವಾರದ ಸವಾರಿ ಎಂದರೆ ಇಷ್ಟೇ. ಮುನವಳ್ಳಿಯಲ್ಲಿ ನನ್ನ ಅಕ್ಕ ಇದ್ದಾಳೆ. ಬೆಳಿಗ್ಗೆ ನಾನು ಕಾರು ಓಡಿಸಿಕೊಂಡು ಅಲ್ಲಿಗೆ ಹೋಗುತ್ತೇನೆ. ಅಕ್ಕ ಇಸ್ತ್ರಿ ಮಾಡಿದ ಸೀರೆ ಉಟ್ಟು, ಪರ್ಸ್ ಹಿಡಿದು ಬಾಗಿಲಲ್ಲಿ ನಿಂತಿರುತ್ತಾಳೆ. ಇಬ್ಬರೂ ಹೊರಡುತ್ತೇವೆ. ಒಮ್ಮೆ ಡ್ಯಾಮಿನ ಕಡೆ, ಒಮ್ಮೆ ಸಿರಸಂಗಿಯ ಕಾಳವ್ವನ ಗುಡಿಗೆ, ಒಮ್ಮೆ ಸವದತ್ತಿ ಪೇಟೆಗೆ, ಏನೂ ಕೊಳ್ಳುವುದಿರದಿದ್ದರೂ. ಎಲ್ಲಿಗೆ ಹೋದೆವು ಎನ್ನುವುದು ಮುಖ್ಯವಲ್ಲ. ಕಾರಿನ ಬಾಗಿಲು ಹಾಕಿದ ಕೂಡಲೇ ನಾವಿಬ್ಬರೂ ಮಾತಾಡಲು ಸುರು ಮಾಡುತ್ತೇವೆ.

ಅಕ್ಕನ ಮನೆ ತುಂಬಿದ ಮನೆ. ಮಗ, ಸೊಸೆ, ಮೊಮ್ಮಕ್ಕಳು, ಬಂದು ಹೋಗುವವರು. ಒಳ್ಳೆಯವರೇ ಎಲ್ಲರೂ. ಆದರೆ ಆ ಮನೆಯಲ್ಲಿ ಇಬ್ಬರೇ ಕುಳಿತು ಆಡುವ ಮಾತಿಗೆ ಒಂದು ಮೂಲೆಯಿಲ್ಲ. ಮೊದಲು ನಮಗೆ ಇಂಗ್ಲಿಷ್ ಇತ್ತು. ಬೆಳಗಾವಿಯ ಕಾನ್ವೆಂಟಿನ ಹಾಸ್ಟೆಲಿನಲ್ಲಿ ಅಕ್ಕ ತಂಗಿ ಕೂಡಿ ಕಲಿತ ಇಂಗ್ಲಿಷ್. ಅತ್ತೆಯರ ಮುಂದೆ, ನಾದಿನಿಯರ ಮುಂದೆ ಅದು ನಮ್ಮ ಪರದೆಯಾಗಿತ್ತು. ಈಗ ಮೊಮ್ಮಕ್ಕಳೆಲ್ಲ ಇಂಗ್ಲಿಷ್ ಮೀಡಿಯಂ. ಒಮ್ಮೆ ಅಕ್ಕ ನನ್ನ ಕಿವಿಯಲ್ಲಿ, "ದ ಉಪ್ಪಿಟ್ ಈಸ್ ಲೈಕ್ ಸಿಮೆಂಟ್" ಅಂದಳು. ಸಣ್ಣ ಮೊಮ್ಮಗಳು ಅಡಿಗೆಮನೆಗೆ ಓಡಿ, "ಮಮ್ಮೀ, ಉಪ್ಪಿಟ್ಟ ಸಿಮೆಂಟ್ ಆಗೇತಂತ!" ಎಂದು ಸಾರಿಬಿಟ್ಟಿತು. ಅಲ್ಲಿಂದೀಚೆಗೆ ನಮಗೆ ಉಳಿದ ಪರದೆ ನನ್ನ ಕಾರೊಂದೇ.

ಹೀಗಾಗಿ ಪೆಟ್ರೋಲ್ ಏರಿದರೆ ನನಗೆ ಏರುವುದು ಖರ್ಚು ಮಾತ್ರವಲ್ಲ. ಗುರುವಾರವೇ ಕೈತಪ್ಪುತ್ತದೆ.

ಏನು ಮಾಡುವುದು ಎಂದು ಕೇಳಿದ್ದೇ ತಪ್ಪಾಯಿತು. ಊರಿಗೆ ಊರೇ ಎಕ್ಸ್‌ಪರ್ಟ್. ಗ್ಯಾಸ್ ಕಿಟ್ ಹಾಕಿಸಿರಿ ಅಂದರು ಒಬ್ಬರು. ಗ್ಯಾಸ್ ಎಲ್ಲಿ ತುಂಬಿಸುವುದು ಎಂದು ಕೇಳಿದರೆ ಕಿತ್ತೂರಿನ ಹತ್ತಿರ ಹೈವೇಯಲ್ಲಿ ಇದೆ ಎಂದರು. ಇನ್ನೊಬ್ಬರು ಇಲ್ಲ, ರಾಮದುರ್ಗದ ಕಡೆ ಬರುತ್ತದಂತೆ ಎಂದರು. ಅಗ್ಗದ ಗ್ಯಾಸ್ ಹುಡುಕಿಕೊಂಡು ಪೆಟ್ರೋಲ್ ಸುಟ್ಟು ಕಿತ್ತೂರಿಗೆ ಹೋಗುವುದೋ ರಾಮದುರ್ಗಕ್ಕೆ ಹೋಗುವುದೋ ಎಂಬುದೇ ನನಗೆ ತಿಳಿಯಲಿಲ್ಲ. ಬ್ಯಾಟರಿ ಸ್ಕೂಟರ್ ತೊಗೋರಿ, ಪಾಪದ್ದು, ಸೈಕಲ್ ಇದ್ದ ಹಾಗೆ ಎಂದರು ಓಣಿಯ ಟೀಚರಮ್ಮ. ಈ ವಯಸ್ಸಿನಲ್ಲಿ ನಾನು ಮುಂದೆ, ಅಕ್ಕ ಹಿಂದೆ, ಇಬ್ಬರ ಸೆರಗೂ ಗಾಳಿಗೆ ಹಾರುತ್ತಿರುವ ಚಿತ್ರ ಕಣ್ಣಿಗೆ ಬಂದು ನಾನೇ ನಕ್ಕೆ.

ಹೆಂಗಸರಿಗೆ ಬಸ್ ಫ್ರೀ ಇರುವಾಗ ಇಷ್ಟೆಲ್ಲ ಯಾಕೆ ಎಂದರು ಮನೆಯವರು. ಅದೂ ನಿಜವೇ. ಒಂದು ಗುರುವಾರ ಬಸ್ಸಿನಲ್ಲೇ ಮುನವಳ್ಳಿಗೆ ಹೋದೆ, ಅಲ್ಲಿಂದ ಅಕ್ಕನನ್ನು ಕರೆದುಕೊಂಡು ಬಸ್ಸಿನಲ್ಲೇ ಸವದತ್ತಿಗೆ. ಆಧಾರ್ ಕಾರ್ಡ್ ತೋರಿಸಿದರೆ ಕಂಡಕ್ಟರು ಸೊನ್ನೆ ರೂಪಾಯಿಯ ಟಿಕೆಟ್ ಹರಿದುಕೊಟ್ಟ. ಬಸ್ಸು ಆರಾಮವೇ ಇತ್ತು. ಆದರೆ ಅಕ್ಕ ದನಿ ತಗ್ಗಿಸಿ, "ನಮ್ಮ ಸೊಸಿ ಹೊಸ ಮಿಕ್ಸರ್ ತಂದಾಳ" ಅನ್ನುವಷ್ಟರಲ್ಲಿ ಹಿಂದಿನ ಸೀಟಿನಿಂದ ಒಂದು ತಲೆ ನಮ್ಮಿಬ್ಬರ ನಡುವೆ ಬಂತು.

"ಯಾವ ಕಂಪನಿದ್ರಿ, ಅಕ್ಕಾರ? ನಮ್ಮ ಸೊಸೀನೂ ತಂದಾಳ್ರಿ. ಅದರ ಸಪ್ಪಳಕ್ಕ ನಮ್ಮ ಎಮ್ಮಿ ಹಾಲ ಏರಿಸಿಬಿಡತೈತ್ರಿ, ಹಿಂಡಾಕ ಕೊಡೂದಿಲ್ರಿ."

ಮುಂದಿನ ಸೀಟಿನವರು ಎಮ್ಮೆಯ ವಿಚಾರ ತೆಗೆದರು. ಸವದತ್ತಿ ಬರುವವರೆಗೆ ಆ ಎಮ್ಮೆಯದೇ ಮಾತು. ಇಳಿಯುವಾಗ ಅಕ್ಕ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಮೆಟ್ಟಿಲು ಎತ್ತರ, ವಯಸ್ಸಾಗಿದೆ ಎಂದುಕೊಂಡೆ. "ಮುಂದಿನ ವಾರ ಕಾರ್ ತೊಗೊಂಡ್ ಬಾ," ಎಂದಳು, "ಐ ಹ್ಯಾವ್ ಸಮ್‌ಥಿಂಗ್ ಟು ಸೇ." ಏನು ಎಂದರೆ ಹೇಳಲಿಲ್ಲ.

ಆ ಮುಂದಿನ ವಾರವೇ ನನ್ನ ತಮ್ಮನ ಮಗ ತನ್ನ ಹೊಸ ಎಲೆಕ್ಟ್ರಿಕ್ ಕಾರು ತಂದು ನಮ್ಮ ಅಂಗಳದಲ್ಲಿ ನಿಲ್ಲಿಸಿದ. ಅವನಿಗೆ ಒಂದು ವಾರ ಪರ ಊರಿಗೆ ಹೋಗುವುದಿತ್ತು.

"ವಾರ ಇಟ್ಕೊಂಡು ಓಡಿಸಿ ನೋಡ್ರಿ, ಅತ್ಯಾ. ಮನಸ್ಸಿಗೆ ಬಂದ್ರ ನಿಮ್ಮ ಆ ಡಬ್ಬಿ ಮಾರಿ ಇಂಥಾದ್ದ ಒಂದ ತೊಗೋರಿ."

"ಡಬ್ಬಿ ಅನಬ್ಯಾಡ. ಅದಕ ಕೇಳಸ್ತೈತಿ."

ಅವನು ಚಾರ್ಜು, ರೇಂಜು, ಏಸಿ ಹಾಕಿದರೆ ಎಷ್ಟು ದೂರ, ಹಾಕದಿದ್ದರೆ ಎಷ್ಟು ದೂರ ಎಂದು ಏನೇನೋ ಹೇಳಿದ. ನಾನು ಗೋಣು ಹಾಕಿದೆ. ತಲೆಯಲ್ಲಿ ಉಳಿದದ್ದು ಒಂದೇ: ಚಾರ್ಜು ಮಾಡುವ ತೂತುಗಳ ಮುಚ್ಚಳ ಕಾರಿನ ಮುಂದೆ, ಮೂಗಿನ ಮೇಲಿದೆ, ಅಕ್ಕನ ಮನೆಯಲ್ಲಿ ವೈರು ಚುಚ್ಚಿಟ್ಟರೆ ಸಂಜೆ ಆರಾಮ ತಿರುಗಿ ಬರಬಹುದು.

ಗುರುವಾರ ಹೊರಟೆ. ಸಪ್ಪಳವೇ ಇಲ್ಲದ ಗಾಡಿ. ಚಾಲೂ ಇದೆಯೋ ಬಂದ್ ಇದೆಯೋ ಒಂದೂ ತಿಳಿಯದು. ದಾರಿಯಲ್ಲಿ ಆಡುಗಳು ಸರಿಯಲಿಲ್ಲ, ರಸ್ತೆಯ ಮೇಲೆ ಗೋವಿನಜೋಳ ಒಣಹಾಕಿದ ಹೆಣ್ಣುಮಗಳು ತಿರುಗಿ ನೋಡಲಿಲ್ಲ. ನಾನು ಹಾರ್ನ್ ಹೊಡೆದಾಗ ಹೌಹಾರಿ, "ದೆವ್ವ ಬಂದಂಗ ಬರ್ತೀರಲ್ಲವಾ!" ಎಂದು ಬೈದಳು. ಪೆಟ್ರೋಲ್ ಉಳಿಯುತ್ತಿದೆ ಎಂದು ಸಂತೋಷಪಡಬೇಕೋ, ಸ್ಕ್ರೀನಿನಲ್ಲಿ ಇಳಿಯುತ್ತಿದ್ದ ಬ್ಯಾಟರಿ ನೋಡಿ ಹೆದರಬೇಕೋ ತಿಳಿಯದೆ, ಸೆಕೆಯಲ್ಲಿ ಏಸಿ ಬಂದ್ ಮಾಡಿ ಬೆವರುತ್ತ ಮುನವಳ್ಳಿ ತಲುಪಿದೆ.

ಅಕ್ಕನ ಮಗ ಕಿಟಕಿಯಿಂದ ವೈರು ಎಳೆದುಕೊಟ್ಟು ಅಂಗಡಿಗೆ ಹೋದ. ನಾನು ಮೂಗಿನ ಮುಚ್ಚಳ ತೆಗೆದೆ. ಅಷ್ಟರಲ್ಲಿ ಒಳಗಿನಿಂದ ಸೊಸೆಯ ದನಿ.

"ತಡೀರಿ ಚಿಗವ್ವಾರ, ತಡೀರಿ! ಹೊಸಾ ಗಾಡಿ ಮೊದಲನೇ ಸಲ ಮನಿಗೆ ಬಂದೇತಿ. ಪೂಜಿ ಆಗ್ಲಿ, ಆಮ್ಯಾಲ ಚುಚ್ಚೀರಂತ."

ನಮ್ಮ ಕಡೆ ಇದು ತಪ್ಪುವ ಮಾತಲ್ಲ. ಯಾರದೇ ಇರಲಿ, ಹೊಸ ಗಾಡಿ ಬಾಗಿಲಿಗೆ ಬಂದರೆ ಗಾಲಿಯ ಕೆಳಗೆ ನಿಂಬೆಹಣ್ಣು, ಮೂಗಿಗೆ ಅರಿಷಿಣ ಕುಂಕುಮ, ಒಂದು ಕಾಯಿ. ಹಿರಿಯಳು ಎಂದು ಅಕ್ಕನ ಕೈಗೆ ತಟ್ಟೆ ಕೊಟ್ಟರು. ನಾನು ಸೊಸೆಯೊಂದಿಗೆ ಕಾಯಿಯ ಜುಟ್ಟು ಕೀಳುತ್ತಿದ್ದೆ. ಅಕ್ಕ ನೀರಲ್ಲಿ ಕಲಸಿದ ಅರಿಷಿಣವನ್ನು, ಅದರ ಮೇಲೆ ಕುಂಕುಮವನ್ನು, ಐದೂ ಬೆರಳು ಕೂಡಿಸಿ, ದಪ್ಪಗೆ, ಭಕ್ತಿಯಿಂದ, ತೆರೆದ ಮುಚ್ಚಳದೊಳಗಿನ ಆ ತೂತುಗಳಿಗೆ ಒತ್ತಿಬಿಟ್ಟಳು.

ಮೊಮ್ಮಗಳು ಕಿರುಚಿದಳು. "ಅಜ್ಜೀ, ಅಲ್ಲಿ ಕರೆಂಟ್ ಹೋಗತೈತಿ!"

ಸೊಸೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. "ಬರೋಬ್ಬರಿ ಮಾಡ್ಯಾರ ಬಿಡ್ರಿ ಅತ್ಯಾರು. ಅದು ಉಣ್ಣೂದು ಅಲ್ಲೇ ಅಲ್ಲ? ಬಾಯಿಗೇ ಪೂಜಿ ಮಾಡ್ಯಾರ!"

ಎಲ್ಲರೂ ನಕ್ಕರು. ಅಕ್ಕನೂ ನಕ್ಕಳು, ಎಲ್ಲರಿಗಿಂತ ತಡವಾಗಿ.

ತಮ್ಮನ ಮಗನಿಗೆ ಫೋನ್ ಮಾಡಿದೆ. "ಅತ್ಯಾ, ವೈರ್ ಚುಚ್ಚಬ್ಯಾಡ್ರಿ. ನೀರ್ ಹಾಕಬ್ಯಾಡ್ರಿ. ಒರಸಬ್ಯಾಡ್ರಿ. ಏನೂ ಮಾಡಬ್ಯಾಡ್ರಿ. ಧಾರವಾಡದಿಂದ ಮನಶ್ಯಾನ ಕಳಸ್ತೇನಿ," ಎಂದ. ಸಂಜೆಯಾಗುತ್ತದಂತೆ. ಇದ್ದ ಚಾರ್ಜಿನಲ್ಲಿ ಬೈಲಹೊಂಗಲ ಮುಟ್ಟುವ ಧೈರ್ಯ ನನಗಿರಲಿಲ್ಲ.

ಅಕ್ಕ ನಗುವವರ ನಡುವಿನಿಂದ ಬಂದು, ಗಾಡಿಯ ಮೈಮೇಲೆ ಕೈ ಆಡಿಸುತ್ತ, ಹಿಡಿಕೆ ಸಿಕ್ಕ ಮೇಲೆ ಬಾಗಿಲು ತೆಗೆದು ಒಳಗೆ ಕುಳಿತಳು. "ನೀನೂ ಬಾ," ಎಂದಳು. "ಹೋಗೂದೆಲ್ಲಿಗೆ ಅಕ್ಕಾ? ಗಾಡಿ ಓಡಸೂ ಹಂಗಿಲ್ಲ." "ಎಲ್ಲಿಗೂ ಬ್ಯಾಡ. ಬಾಗಲಾ ಹಾಕ."

ಅಕ್ಕನ ಅಂಗಳದಲ್ಲೂ ಒಂದು ಬೇವಿನ ನೆರಳಿತ್ತು. ಗಾಜು ಎರಡು ಬೆರಳಷ್ಟು ಇಳಿಸಿ ಇಬ್ಬರೂ ಕುಳಿತೆವು. ಎದುರಿಗೆ ಡ್ಯಾಮೂ ಇಲ್ಲ, ಗುಡಿಯೂ ಇಲ್ಲ. ಅಕ್ಕನ ಮನೆಯ ಗೋಡೆ.

"ಐ ಥಾಟ್ ಇಟ್ ವಾಸ್ ದ ನೋಸ್," ಎಂದಳು.

ನನಗೆ ಕೂಡಲೇ ಅರ್ಥವಾಗಲಿಲ್ಲ.

"ಮುಚ್ಚಳಾ ತಗದಿದ್ದು ಕಾಣಲಿಲ್ಲ ನನಗ. ಯಾವಾಗಲೂ ಹಚ್ಚಿದಂಗ ಮೂಗಿಗೆ ಹಚ್ಚೇನಿ ಅಂತ ತಿಳಕೊಂಡೆ. ಅವರು ನಾ ಬೇಕಂತ ಹಚ್ಚೇನಿ ಅಂತ ನಗಾಕತ್ಯಾರ. ನಗಲಿ. ಐ ಕಾಂಟ್ ಸೀ. ಇದನ್ನ ಹೇಳಬೇಕಂತ ಹೋದ ವಾರ ಬಸ್ಸಿನ್ಯಾಗ ಬಂದೆ. ಆ ಎಮ್ಮಿ ಬಿಡಲಿಲ್ಲ."

ನನಗೆ ಹಿಂದಿನ ಗುರುವಾರಗಳೆಲ್ಲ ಒಂದೊಂದಾಗಿ ನೆನಪಾದವು. ಈಗ ಎಲ್ಲಿಗೆ ಬಂದೆವು ಎಂದು ಅವಳು ಮತ್ತೆ ಮತ್ತೆ ಕೇಳುತ್ತಿದ್ದುದು. ಡ್ಯಾಮಿನ ದಂಡೆಯಲ್ಲಿ ನಿಂತು, "ನೀರ ಎಷ್ಟ ಐತಿ ಹೇಳ, ನೀ ಭಾಳ ಛಲೋ ಹೇಳ್ತಿ," ಎನ್ನುತ್ತಿದ್ದುದು. ನಾನು ಹೊಗಳಿಕೆಗೆ ಉಬ್ಬಿ, ಶಾಲೆಯ ಎಲೊಕ್ಯೂಷನ್ ಕಾಂಪಿಟೇಷನ್ನಿನಲ್ಲಿ ನಿಂತವಳ ಹಾಗೆ ನೀರನ್ನೂ ಬಾತುಕೋಳಿಗಳನ್ನೂ ವರ್ಣಿಸುತ್ತಿದ್ದೆ.

"ಮನಿಯಾಗ ಯಾಕ ಹೇಳಿಲ್ಲ?"

"ಹೇಳಿದ್ರ ಅಡಿಗಿಮನಿ ಬಿಡಸ್ತಾರ. ಖುರ್ಚಿ ಹಾಕಿ ಕುಂಡ್ರಸ್ತಾರ, ಕೈಯಾಗ ಟಿವಿ ರಿಮೋಟ್ ಕೊಡ್ತಾರ. ಟಿವಿ ಎಲ್ಲಿ ಕಾಣತೈತಿ?" ಎಂದು ತಾನೇ ನಕ್ಕಳು. ಆಮೇಲೆ ದನಿ ಸಣ್ಣದಾಯಿತು. "ಆಪರೇಷನ್ ಅಂತಾರ. ಅವ್ವನ ಕಣ್ಣು ಆಪರೇಷನ್ ಆದಮ್ಯಾಲನ ಹೋದ್ವು. ನೆನಪೈತಿಲ್ಲ?"

ನೆನಪಿತ್ತು. ಅವ್ವ ಕೊನೆಯ ದಿನಗಳಲ್ಲಿ ನಮ್ಮ ಮುಖವನ್ನು ಕೈಯಿಂದ ಸವರಿ, ಇದು ದೊಡ್ಡಾಕಿ, ಇದು ಸಣ್ಣಾಕಿ ಎಂದು ಹೇಳುತ್ತಿದ್ದಳು. ಆ ಕಾಲ ಬೇರೆ, ಈಗಿನ ಡಾಕ್ಟರು ಬೇರೆ ಎಂದು ನಾನು ಹೇಳಿದೆ. ಹೇಳುತ್ತಿರುವಾಗ ನನಗೇ ಅದು ನಿಜವೋ ಅಲ್ಲವೋ ಗೊತ್ತಿರಲಿಲ್ಲ. ಇಬ್ಬರೂ ಅತ್ತೆವು. ಸೊಸೆ ಚಹಾ ತಂದು ಗಾಜು ಬಡಿದಳು. "ಒಳಗ ಬರ್ರಿ, ಸೆಕಿ ಆಗತೈತಿ. ನಿಂತ ಗಾಡ್ಯಾಗ ಕುಂತು ಏನ್ ಮಾಡಾಕತ್ತೀರಿ?" ಅಕ್ಕ ಮುಖ ಒರೆಸಿಕೊಂಡು, "ಟ್ರಯಲ್ ನೋಡಾಕತ್ತೇವಿ," ಎಂದಳು.

ಸಂಜೆ ಧಾರವಾಡದವನು ಬಂದ. ಬ್ರಷ್ಷಿನಿಂದ, ಗಾಳಿಯಿಂದ ಏನೇನೋ ಮಾಡಿ ಅರಿಷಿಣ ತೆಗೆದ. ಪೂರಾ ಒಣಗಿದ ಮೇಲೆಯೇ ವೈರು ಚುಚ್ಚಬೇಕು ಎಂದು ಗಾಡಿಯನ್ನು ಅಲ್ಲೇ ಬಿಡಿಸಿದ. ನಾನು ಬಸ್ಸಿನಲ್ಲಿ, ಸೊನ್ನೆ ರೂಪಾಯಿಗೆ, ಮನೆಗೆ ಬಂದೆ.

ಮುಂದಿನ ಗುರುವಾರ ನನ್ನ ಹಳೆಯ ಕಾರಿಗೆ ಟ್ಯಾಂಕ್ ಫುಲ್ ಮಾಡಿಸಿದೆ. ಮನೆಯವರು ಕಟ್ಟೆಯ ಮೇಲಿಂದ, "ರೇಟ್ ನೋಡಿದೇನ?" ಎಂದು ಕೂಗಿದರು. ನೋಡಲಿಲ್ಲ. ಮುನವಳ್ಳಿಯಲ್ಲಿ ಸಿರಸಂಗಿಗೆ ಹೋಗುತ್ತೇವೆ ಎಂದು ಹೇಳಿ ಅಕ್ಕನನ್ನು ಧಾರವಾಡದ ಕಣ್ಣಿನ ಡಾಕ್ಟರಲ್ಲಿಗೆ ಕರೆದೊಯ್ದೆ. ದಾರಿಯುದ್ದಕ್ಕೂ ಅವಳು ಕಾಳವ್ವನಿಗೆ ಕ್ಷಮೆ ಕೇಳುತ್ತಿದ್ದಳು, ಅದೂ ಇಂಗ್ಲಿಷಿನಲ್ಲಿ. ಡಾಕ್ಟರು ಪೊರೆ ಬಂದಿದೆ, ತೆಗೆಯಬಹುದು, ಅವ್ವನಿಗಾದಂತೆ ಆಗಲಿಕ್ಕಿಲ್ಲ ಎಂದು ಸಮಾಧಾನದಿಂದ ತಿಳಿಸಿ ಹೇಳಿದರು. ತಿರುಗಿ ಬರುವಾಗ ಅಕ್ಕ, "ಮನಿಯಾಗ ನಾನ ಹೇಳ್ತೇನಿ, ನೀ ಬಾಯಿ ಬಿಡಬ್ಯಾಡ," ಎಂದಳು. ಆ ರಾತ್ರಿ ಊಟದ ಹೊತ್ತಿಗೆ ಹೇಳಿದಳಂತೆ. ಸೊಸೆ ಮರುದಿನ ಫೋನಿನಲ್ಲಿ ಅಳುತ್ತ, "ನಾ ಬಾಯಿಗೆ ಪೂಜಿ ಅಂತ ನಕ್ಕಿನಲ್ರಿ ಚಿಗವ್ವಾರ," ಎಂದಳು.

ಆಪರೇಷನ್ ಆಯಿತು. ಈಗ ಅಕ್ಕನಿಗೆ ಕಾಣುತ್ತದೆ. ಅಡಿಗೆಮನೆಯೂ ಉಳಿದಿದೆ.

ಆದರೆ ಪೆಟ್ರೋಲ್ ಇಳಿದಿಲ್ಲ. ಬ್ಯಾಟರಿ ಕಾರೋ, ಗ್ಯಾಸೋ, ಸ್ಕೂಟರೋ, ನನಗೆ ಇವತ್ತಿಗೂ ತಿಳಿದಿಲ್ಲ. ಕೇಳಿದಷ್ಟೂ ಗೊಂದಲ ಹೆಚ್ಚುತ್ತದೆ. ಸದ್ಯಕ್ಕೆ ನಾನು ಮಾಡಿದ್ದು ಯಾವ ಎಕ್ಸ್‌ಪರ್ಟೂ ಹೇಳದ ಕೆಲಸ. ನನ್ನ ಹಳೆಯ ಕಾರನ್ನು ಒಯ್ದು ಮುನವಳ್ಳಿಯಲ್ಲಿ ಅಕ್ಕನ ಮನೆಯ ಬೇವಿನ ಕೆಳಗೆ ನಿಲ್ಲಿಸಿದ್ದೇನೆ. ಗುರುವಾರ ಬಸ್ಸಿನಲ್ಲಿ ಹೋಗುತ್ತೇನೆ. ಎಂಜಿನ್ ಕೆಡಬಾರದೆಂದು ಸ್ವಲ್ಪ ಹೊತ್ತು ಚಾಲೂ ಮಾಡಿ ಬಂದ್ ಮಾಡುತ್ತೇನೆ. ಆಮೇಲೆ ಇಬ್ಬರೂ ಬಾಗಿಲು ಹಾಕಿಕೊಂಡು ಕುಳಿತು ಮಾತಾಡುತ್ತೇವೆ. ಓಡದ ಗಾಡಿಯನ್ನು ಗಾಡಿ ಎನ್ನಬೇಕೋ ಕೋಣೆ ಎನ್ನಬೇಕೋ ಎಂದು ಮನೆಯವರು ಕೇಳುತ್ತಾರೆ. ನನಗೂ ಗೊತ್ತಿಲ್ಲ.

ಕಣ್ಣು ಬಂದ ಮೇಲೆ ಮೊದಲ ಗುರುವಾರ ಅಕ್ಕ ಒಳಗೆ ಕುಳಿತು, ಸುತ್ತ ನೋಡಿ, ಡ್ಯಾಶ್‌ಬೋರ್ಡಿನ ಮೇಲೆ ಬೆರಳು ಎಳೆದು ನನ್ನ ಮುಖಕ್ಕೆ ಹಿಡಿದಳು.

"ಇಷ್ಟ ಧೂಳದಾಗ ನನ್ನ ಕುಂಡ್ರಿಸಿಕೊಂಡು ತಿರಗ್ಯಾಡೀದಿ ಏನ, ಇಷ್ಟ ದಿನಾ? ಶೇಮ್ ಆನ್ ಯೂ."