ಅರಲು ತುಳಿದವಳು

ಅಣ್ಣ ನನಗೆ ಏಪ್ರನ್ ಕೊಡಲಿಲ್ಲ. ಹನ್ನೊಂದು ಮಂದಿಗೆ ಹನ್ನೊಂದು ನೀಲಿ ಏಪ್ರನ್ ಹಂಚಿದ. ನನ್ನ ಸರದಿ ಬಂದಾಗ ಕೈಯಲ್ಲಿ ಇನ್ನೂ ಒಂದು ಉಳಿದಿತ್ತು. ಅದನ್ನು ಮಡಚಿ ಮೇಜಿನ ಮೇಲಿಟ್ಟು, ಮೂಲೆಗೆ ಬೊಟ್ಟು ಮಾಡಿದ. ಅಲ್ಲಿ ತಾಡಪತ್ರಿಯ ಮೇಲೆ ಒದ್ದೆ ಮಣ್ಣಿನ ಗುಡ್ಡೆ ಬಿದ್ದಿತ್ತು.

"ನೀ ಅಲ್ಲಿ ಅರಲು ತುಳಿ," ಅಂದ.

ಅರಲು ಅಂದರೆ ಗಡಿಗೆಗೆಂದು ಹದ ಮಾಡುವ ಮಣ್ಣು. ಅದನ್ನು ತುಳಿಯುವುದು ಹೇಗೆಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ. ಐದನೆಯ ವಯಸ್ಸಿನಿಂದ ಮದುವೆಯ ಹಿಂದಿನ ದಿನದವರೆಗೆ ತುಳಿದಿದ್ದೇನೆ. ಬೇರೆ ಏನಾದರೂ ಕಲಿಯೋಣವೆಂದೇ ಹೆಸರು ಬರೆಸಿ, ಫೀ ಕಟ್ಟಿ, ರಸೀದಿಯನ್ನು ಪರ್ಸಿನಲ್ಲಿಟ್ಟುಕೊಂಡು ಬಂದಿದ್ದೆ. ಮೈಯೆಲ್ಲ ಉರಿದು ಹೋಯಿತು.

ಇದು ಅಫಜಲಪುರದ ಬಸ್ ಸ್ಟ್ಯಾಂಡಿನ ಹಿಂದಿರುವ ಕಲಾ ಕೇಂದ್ರದ ಮಾತು. ಮೊದಲು ಅಲ್ಲಿ ಹೊಲಿಗೆ ಕಲಿಸುತ್ತಿದ್ದರು, ಆಮೇಲೆ ಯೋಗ. ಕಳೆದ ವರ್ಷ ದೀಪಾವಳಿ ಮುಗಿದ ಮೇಲೆ, ಭಾನುವಾರ ಬೆಳಿಗ್ಗೆ, ದೊಡ್ಡವರಿಗೆಂದು ಕುಂಬಾರಿಕೆ ತರಗತಿ ಶುರುವಾಯಿತು. ಯಾರು ಬೇಕಾದರೂ ಕಲಿಯಬಹುದು ಎಂದು ಬೋರ್ಡ್ ಹಾಕಿದ್ದರು. ಕಲಿಸುವವನು ನನ್ನ ಅಣ್ಣ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಹೋದೆ. ಭೀಮಾ ದಂಡೆಯ ಮಣ್ಣೂರಿನಲ್ಲಿ ನಮ್ಮದು ಕುಂಬಾರರ ಮನೆ. ಪ್ಲಾಸ್ಟಿಕ್ ಕೊಡ ಬಂದ ಮೇಲೆ ಅಣ್ಣ ತಿಗರಿಯನ್ನು ದನದ ಕೊಟ್ಟಿಗೆಯ ಗೋಡೆಗೆ ಒರಗಿಸಿ ಒಕ್ಕಲುತನಕ್ಕೆ ಇಳಿದಿದ್ದ. ಕೇಂದ್ರದ ಮೇಡಂ ಹುಡುಕಿಕೊಂಡು ಹೋಗಿ, ಗುರುಗಳೇ ಎಂದು ಕೈಮುಗಿದು, ಅವನನ್ನೂ ತಿಗರಿಯನ್ನೂ ಒಂದೇ ಟಂಟಂ ಗಾಡಿಯಲ್ಲಿ ಹೇರಿಕೊಂಡು ಬಂದಿದ್ದರು.

ತಿಗರಿ, ಅದೇ ಕುಂಬಾರನ ಚಕ್ರ, ನಮ್ಮಲ್ಲಿ ಬರೀ ಗಾಲಿಯಲ್ಲ. ಅದು ಲಿಂಗಕ್ಕೆ ಸಮ. ಸೋಮವಾರಕ್ಕೊಮ್ಮೆ ವಿಭೂತಿ ಹಚ್ಚಿ ಊದುಬತ್ತಿ ಬೆಳಗುತ್ತಾರೆ. ಗಂಡಸರೇ ತಿರುವಬೇಕು, ಹೆಂಗಸರು ಮುಟ್ಟುವಂತಿಲ್ಲ. ಹೆಂಗಸರು ಮಣ್ಣು ಹೊತ್ತು ತರಬೇಕು, ಕುಟ್ಟಿ ಸೋಸಬೇಕು, ಬೂದಿ ಕಲಸಬೇಕು, ತುಳಿಯಬೇಕು, ಹಸಿ ಗಡಿಗೆಗೆ ಕೆಮ್ಮಣ್ಣು ಬಳಿಯಬೇಕು, ಗಡಿಗೆ ಸುಡುವ ಆವಿಗೆಗೆ ಕುಳ್ಳು ಒಟ್ಟಬೇಕು, ಸುಟ್ಟಾದ ಮೇಲೆ ಬುಟ್ಟಿಯಲ್ಲಿ ಹೊತ್ತು ಊರೂರು ತಿರುಗಿ ಜೋಳಕ್ಕೆ ಕೊಟ್ಟು ಬರಬೇಕು. ತಿಗರಿಯ ಮೇಲಿನ ನಾಲ್ಕು ನಿಮಿಷ ಬಿಟ್ಟರೆ ಗಡಿಗೆಯ ಉಳಿದ ಕೆಲಸವೆಲ್ಲ ನಮ್ಮದು. ಕುಂಬಾರ ಅನ್ನುವ ಹೆಸರು ಮಾತ್ರ ಆ ನಾಲ್ಕು ನಿಮಿಷದವನಿಗೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅಂತ ಗಾದೆ ಬೇರೆ. ಆ ವರುಷದಲ್ಲಿ ಕುಂಬಾರತಿಯ ಪಾಲು ಎಷ್ಟು ತಿಂಗಳು ಎಂದು ಗಾದೆ ಕಟ್ಟಿದವನು ಕೇಳಲೇ ಇಲ್ಲ.

ಆರು ವರ್ಷದವಳಿದ್ದಾಗ ನಿಂತ ತಿಗರಿಯ ಅಂಚಿಗೆ ಒಂದು ಬೆರಳು ತಾಗಿಸಿ ನೂಕಿದ್ದೆ. ಅರ್ಧ ಸುತ್ತು ತಿರುಗಿತು, ಅಷ್ಟೇ. ಅವ್ವ ಕಂಡಳು. ಅವಳು ಕಪಾಳಕ್ಕೆ ಬಿಟ್ಟ ಏಟಿಗೆ ಕಿವಿ ಗುಂಯ್ ಅಂದದ್ದು ಇನ್ನೂ ನೆನಪಿದೆ. ಆಮೇಲೆ ಅಪ್ಪನ ಕೈಯಿಂದ ಗೋಮೂತ್ರ ಹಾಕಿಸಿ ತಿಗರಿ ತೊಳೆಸಿದಳು.

ಅದಾಗಿ ಎರಡು ವರ್ಷಕ್ಕೆ ಅಪ್ಪನಿಗೆ ಲಕ್ವಾ ಹೊಡೆದು ಬಲಗೈ ಹೋಯಿತು, ಮಾತೂ ತೊದಲಿತು. ಹನ್ನೆರಡು ವರ್ಷದ ಅಣ್ಣ ಶಾಲೆ ಬಿಟ್ಟು ತಿಗರಿಗೆ ಕುಳಿತ. ಅಪ್ಪ ಹೊರಸಿನ ಮೇಲೆ ಮಲಗಿದ್ದೇ ಕಣ್ಸನ್ನೆಯಲ್ಲಿ ಮಗನಿಗೆ ಕಸುಬು ಕಲಿಸಿದ ಅಂತ ಊರೆಲ್ಲ ಕೊಂಡಾಡಿತು. ಆ ಬೇಸಿಗೆಯಲ್ಲಿ ಅವ್ವ ನನ್ನನ್ನು ದಿನಾ ಮಧ್ಯಾಹ್ನ ಹೊಳೆಗೆ ಕಳಿಸುತ್ತಿದ್ದಳು, ದಂಡೆಯ ನುಣ್ಣನೆಯ ರೇವೆ ಮಣ್ಣು ತರಲಿಕ್ಕೆ. ಉಸುಕು ಕಾದು ಕಾಲು ಸುಡುತ್ತಿತ್ತು. ಸಂಜೆ ಹೋಗುತ್ತೇನೆ ಅಂದರೆ ಬೈಗುಳ. ತಿರುಗಿ ಬಂದಾಗ ತಿಗರಿ ಕೋಣೆಯ ಕದ ಹಾಕಿರುತ್ತಿತ್ತು. ಅಪ್ಪನಿಗೆ ಗಾಳಿ ತಾಗಬಾರದು, ಅದಕ್ಕೆ ಅನ್ನುತ್ತಿದ್ದಳು. ನಾನು ನಂಬಿದ್ದೆ.

ಈಗ ಐವತ್ತಾರು ನನಗೆ. ಸರಕಾರಿ ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಹೇಳಿದವಳು, ಬಾಯಿ ಜೋರಿನ ಟೀಚರು ಅಂತ ತಾಲೂಕಿನಲ್ಲಿ ಹೆಸರು. ಅಂಥವಳು ಏನು ಮಾಡಿದೆ? ಸೀರೆ ಎತ್ತಿ ಸಿಕ್ಕಿಸಿ ಮಣ್ಣಿಗೆ ಇಳಿದೆ. ನಾಲ್ಕು ಭಾನುವಾರ ತುಳಿದೆ. ಅಣ್ಣನ ಮೇಲಿನ ಸಿಟ್ಟಿಗಿಂತ ನನ್ನ ಕಾಲುಗಳ ಮೇಲಿನ ಸಿಟ್ಟೇ ಹೆಚ್ಚಾಗಿತ್ತು. ಮಣ್ಣು ಕಂಡ ಕೂಡಲೇ ಅವು ತಾವಾಗಿಯೇ ನಡೆಯುತ್ತಿದ್ದವು.

ಕೋಣೆಯಲ್ಲಿ ನಾಲ್ಕು ಕರೆಂಟಿನ ಚಕ್ರಗಳಿದ್ದವು. ಅಣ್ಣನ ತಿಗರಿ ಬಾಗಿಲ ಬಳಿ ನೆಲದ ಮೇಲೆ. ಅದರ ಮೇಲೆ ಅವನು ಮಾಡಿ ತೋರಿಸುತ್ತಿದ್ದ, ಉಳಿದವರು ಕರೆಂಟಿನ ಚಕ್ರದ ಮೇಲೆ ಮಾಡುತ್ತಿದ್ದರು. ಅಡತಿ ಅಂಗಡಿಯವರ ಸೊಸೆಯೊಬ್ಬಳು ಬರುತ್ತಿದ್ದಳು, ಕೈತುಂಬ ಬಂಗಾರದ ಬಳೆ. ಅವಳ ಮಣ್ಣು ಹಾರಿ ಗೋಡೆಗೆ ಬಡಿದರೆ ಅಣ್ಣ, "ಇರಲಿ ಬಿಡ್ರಿ ಬಾಯಾರ, ಆಗ್ತದ್ರಿ, ಇನ್ನೊಮ್ಮೆ ಮಾಡ್ರಿ," ಅಂತ ಸಕ್ಕರೆ ಮಾತಾಡುತ್ತಿದ್ದ. ನಾನು ತುಳಿದ ಮಣ್ಣದು! ಅವಳು ಒಳ್ಳೆಯವಳೇ, ಅವಳ ಮೇಲೆ ನನಗೆ ಯಾವ ಹಗೆಯೂ ಇಲ್ಲ. ಆದರೆ ಆ ಬಳೆಗಳ ಸಪ್ಪಳ ಕೇಳಿದಾಗಲೆಲ್ಲ ಹಲ್ಲು ಕಡಿಯುತ್ತಿದ್ದೆ.

ನಾಲ್ಕನೆಯ ಭಾನುವಾರ, ಎಲ್ಲರೂ ಚಹಾಕ್ಕೆ ಹೊರಗೆ ಹೋದಾಗ ಕೇಳಿಯೇ ಬಿಟ್ಟೆ.

"ಇಷ್ಟು ಮಂದಿಗೆ ಕಲಿಸಾಕತ್ತೀದಿ. ನನಗ್ಯಾಕ ಇಲ್ಲ?"

"ಅವರು ಹೊರಗಿನವರು. ಅವರಿಗಿದು ಆಟ."

"ಮತ್ತ ನನಗ?"

"ಎಲ್ಲಾ ಗೊತ್ತಿದ್ದು ಕೇಳಬ್ಯಾಡ, ತಂಗಿ."

"ಇದು ಕರೆಂಟಿನ ಗಾಲಿ ಐತಿ. ಇದಕ್ಕೇನು ನೀ ಸೋಮವಾರ ವಿಭೂತಿ ಹಚ್ಚತೀಯೇನು?"

ಅಣ್ಣ ಟವೆಲ್ಲಿನಿಂದ ಕೈ ಒರೆಸಿಕೊಂಡ. ಒಂದೊಂದೇ ಬೆರಳನ್ನು ಬಿಡಿಸಿ ಒರೆಸಿಕೊಂಡ. ಆಮೇಲೆ ಅಂದ: "ಅವರು ಮುಟ್ಟಿದ್ರ ಇದು ಮಶೀನು. ನೀ ಮುಟ್ಟಿದ್ರ ತಿಗರಿ ಆಗ್ತದ."

ಕಾಲು ತೊಳೆಯದೆ ಹಾಗೇ ಮನೆಗೆ ಬಂದೆ. ಬೀದಿಯಲ್ಲಿ ಮಂದಿ ನೋಡಿದರು. ಮೊಣಕಾಲಿನವರೆಗೆ ಮಣ್ಣು ಮೆತ್ತಿಕೊಂಡ ಟೀಚರನ್ನು ಅವರು ಹಿಂದೆಂದೂ ಕಂಡಿರಲಿಲ್ಲ.

ಮುಂದಿನ ಎರಡು ಭಾನುವಾರ ನಾನು ಆ ಕಡೆ ಸುಳಿಯಲಿಲ್ಲ. ಮನೆಯಲ್ಲಿ ಕುಳಿತು ಡಬ್ಬಿಗಳನ್ನೆಲ್ಲ ತಿಕ್ಕಿದೆ. ಮೂರನೆಯ ವಾರ ಶನಿವಾರ ಅಣ್ಣನ ಫೋನ್ ಬಂತು.

"ತಂಗಿ, ಗಡಿಗಿ ಎಲ್ಲಾ ಸೀಳಾಕತ್ತಾವ. ಒಂದೂ ಉಳಿದಿಲ್ಲ. ನೆರಳಾಗ ಇಟ್ರೂ ಸೀಳತಾವ. ಮೇಡಂ ಏನಾತ್ರಿ ಏನಾತ್ರಿ ಅಂತ ಕೇಳಾಕತ್ತಾರ."

"ಮಣ್ಣಿಗೆ ಏನೇನು ಹಾಕೀದಿ?"

"ನಮ್ಮ ಹೊಲದ ಎರಿ ಮಣ್ಣು."

"ಮತ್ತ?"

"ಮತ್ತೇನು? ನೀರು."

ನಾನು ನಕ್ಕೆ. ಸಿಟ್ಟಿನ ನಗು ಅದು, ಹೊಟ್ಟೆ ನೋಯುವಷ್ಟು ನಕ್ಕೆ. ಪ್ಲಾಸ್ಟಿಕ್ ಬರುವ ತನಕ ಅಷ್ಟು ವರ್ಷ ತಿಗರಿ ತಿರುವಿದ ಕುಂಬಾರನಿಗೆ ಮಣ್ಣು ಕಲಸಲು ಬರುವುದಿಲ್ಲ! ಎರಿ ಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗುವಾಗ ಕುಗ್ಗಿ ಬಿರಿಯುತ್ತದೆ. ಬೇಸಿಗೆಯಲ್ಲಿ ನಮ್ಮ ಹೊಲಗಳು ಬಾಯಿ ಬಿಡುವುದನ್ನು ಕಂಡ ಯಾರಿಗಾದರೂ ಇದು ತಿಳಿಯಬೇಕು. ಎರಡು ಬುಟ್ಟಿ ಎರಿ ಮಣ್ಣಿಗೆ ಒಂದು ಬುಟ್ಟಿ ರೇವೆ, ಮೇಲೆ ಬಟ್ಟೆಯಲ್ಲಿ ಸೋಸಿದ ಬೂದಿ. ಆ ನಾಲ್ಕು ಭಾನುವಾರವೂ ನಾನು ಇವನ್ನು ತಂದು ಬೆರೆಸಿಯೇ ತುಳಿದಿದ್ದೆ. ತುಳಿದಾದ ಮೇಲೆ ಒಂದು ಚಿಟಿಕೆಯನ್ನು ಹಲ್ಲಿನ ನಡುವೆ ಇಟ್ಟು ಕಡಿದು ನೋಡಬೇಕು. ಗರ್ ಅಂದರೆ ಇನ್ನೂ ಹದ ಬಂದಿಲ್ಲ. ಇದು ನಮ್ಮ ಮನೆಯ ಯಾವ ಗಂಡಸಿಗೂ ಗೊತ್ತಿರಲಿಲ್ಲ. ಅರಲು ಹೆಂಗಸರ ಕೆಲಸ, ಅದರ ಬಗ್ಗೆ ಕೇಳುವುದೂ ಅವರಿಗೆ ಕಡಿಮೆ. ತಿಗರಿಯ ಪಕ್ಕಕ್ಕೆ ಹದವಾದ ಮುದ್ದೆ ತಾನಾಗಿ ಬಂದು ಕೂಡುತ್ತದೆ ಎಂದು ಅಣ್ಣ ಹುಟ್ಟಿದಂದಿನಿಂದ ನಂಬಿಕೊಂಡಿದ್ದ.

"ಬರ್ತೇನಿ," ಅಂದೆ. "ಆದ್ರ ಮೊದಲು ನಾ ಕೂಡ್ತೇನಿ. ಕರೆಂಟಿನ ಗಾಲಿ ಮ್ಯಾಲ ಅಲ್ಲ. ಅಪ್ಪನ ತಿಗರಿ ಮ್ಯಾಲ."

ಆ ಕಡೆ ಅಣ್ಣ ದನಿ ತಗ್ಗಿಸಿದ.

"ಊರಾಗ ಗೊತ್ತಾದ್ರ?"

"ಊರು ನಿನ್ನ ಗಡಿಗಿ ತಗೊಂಡು ಎಷ್ಟು ವರ್ಷ ಆತು, ಹೇಳು ನೋಡೋಣ."

ಮರುದಿನ, ನಾನು ಹೇಳಿದಂತೆ, ಹೊಳೆ ದಂಡೆಯ ರೇವೆಯನ್ನು ಅಣ್ಣನೇ ಚೀಲದಲ್ಲಿ ತುಂಬಿ ತಂದಿದ್ದ. ನಾನು ಕಲಸಿದೆ, ತುಳಿದೆ, ಹಲ್ಲಿನಲ್ಲಿ ಕಡಿದು ನೋಡಿದೆ. ಎಲ್ಲರೂ ಕೆಲಸ ಬಿಟ್ಟು ಸುತ್ತ ನಿಂತಿದ್ದರು. ಮುದ್ದೆ ಎತ್ತಿಕೊಂಡು ಹೋಗಿ ತಿಗರಿಯ ಮುಂದೆ ಕುಳಿತೆ. ಮೇಜಿನ ಮೇಲಿದ್ದ ಹನ್ನೆರಡನೆಯ ಏಪ್ರನ್ನನ್ನು ಅದಕ್ಕೂ ಮೊದಲೇ ನಾನೇ ತೆಗೆದು ಕಟ್ಟಿಕೊಂಡಿದ್ದೆ. ಅಣ್ಣ ಬಂದು ತಿಗರಿಯ ತೂತಿಗೆ ಕೋಲು ಹಾಕಿ ಗರಗರ ತಿರುವಿದ. ತಿರುವಿ, ನನ್ನತ್ತ ಬೆನ್ನು ಮಾಡಿ ಕಿಟಕಿಯ ಬಳಿ ಹೋಗಿ ನಿಂತ.

ಮೊದಲ ಮುದ್ದೆ ಹಾರಿ ನನ್ನ ಮಡಿಲಿಗೇ ಬಿತ್ತು. ಎರಡನೆಯದು ಸೊಟ್ಟಗಾಗಿ ಕುಸಿಯಿತು. "ನಮಗೂ ಹಿಂಗs ಆಗಿತ್ರಿ ಟೀಚರ್," ಅಂತ ಅಡತಿಯವರ ಸೊಸೆ ಸಮಾಧಾನ ಹೇಳಿದಳು. ಐವತ್ತು ವರ್ಷ ಮಣ್ಣಿನ ಹದ ಬಲ್ಲ ನನಗೆ ಒಂದೂವರೆ ತಿಂಗಳ ಹಿಂದೆ ಮಣ್ಣು ಮುಟ್ಟಿದವಳ ಸಮಾಧಾನ! ಮೂರನೆಯ ಮುದ್ದೆಯನ್ನು ಕುಕ್ಕಿದೆ. ಸಿಟ್ಟೆಲ್ಲ ಹೆಬ್ಬೆರಳಿಗೆ ಇಳಿದು, ಅದು ಮಣ್ಣನ್ನು ಬಗೆಯುತ್ತಿತ್ತು.

ಕಿಟಕಿಯ ಕಡೆ ಮುಖ ಮಾಡಿಕೊಂಡೇ ಅಣ್ಣ ಅಂದ: "ಹೆಬ್ಬಟ್ಟು ಒತ್ತಬ್ಯಾಡ. ಹಾಲು ಕುಡಿಯೋ ಕೂಸಿನ ಬಾಯಾಗ ಇಟ್ಟಂಗ ಇಡು. ಅದs ಬಾಯಿ ಬಿಡ್ತದ."

ಹಾಗೇ ಇಟ್ಟೆ. ಮಣ್ಣು ಬಾಯಿ ಬಿಟ್ಟಿತು. ನಾಲ್ಕು ಬೆರಳೆತ್ತರ ಗೋಡೆ ಎದ್ದಿತು, ತುಸು ವಾರೆಯಾಗಿ. ಯಾರೋ ಚಪ್ಪಾಳೆ ಹೊಡೆದರು.

ಒಂದು ಮಾತು. ಇಷ್ಟು ವರ್ಷ ನನಗೆ ಕೊಡದೆ ಇಟ್ಟದ್ದು ಈ ಒಂದು ಮಾತನ್ನೇ? ಚೀರಬೇಕು ಅನ್ನಿಸಿತು. ಅಷ್ಟರಲ್ಲಿ ಆ ಮಾತೇ ನನ್ನನ್ನು ಹಿಡಿದು ನಿಲ್ಲಿಸಿತು. ನಮ್ಮಪ್ಪ ಎಂದೂ ಒಂದು ಕೂಸನ್ನು ಎತ್ತಿಕೊಂಡವನಲ್ಲ. ಹಾಲು ಕುಡಿಯುವ ಕೂಸಿನ ಬಾಯಿ ಹೇಗಿರುತ್ತದೆ ಎಂದು ಅವನಿಗೆ ಏನು ಗೊತ್ತು?

"ಅಣ್ಣಾ," ಅಂದೆ, "ಇದು ಅಪ್ಪನ ಮಾತಲ್ಲ."

ಅವನು ತಿರುಗಲಿಲ್ಲ.

"ನಿನಗ ತಿಗರಿ ಕಲಿಸಿದವರು ಯಾರು?"

"ಅವ್ವ," ಅಂದ.

ತಿಗರಿ ನಿಧಾನವಾಗಿ ನಿಂತಿತು. ಅಣ್ಣ ಈಗ ನನ್ನ ಕಡೆ ನೋಡಿದ, ಮುಖ ಕಪ್ಪಿಟ್ಟಿತ್ತು. "ಅಪ್ಪಗ ಮಾತs ಬರ್ತಿರಲಿಲ್ಲ, ಅಂವ ಹೆಂಗ ಕಲಿಸ್ತಾನ? ನೀ ಹೊಳಿಗೆ ಹೋದ ಮ್ಯಾಲ ಅವ್ವ ಕದಾ ಹಾಕಿ ತಾನs ಕೂಡ್ತಿದ್ದಳು. ಅಕಿ ಕೈಯಾಗ ಗಡಿಗಿ ಹೆಂಗ ಏಳ್ತಿದ್ದವು ಅಂತೀ... ನನಗ ಇವತ್ತಿಗೂ ಅಷ್ಟು ಬರೋಬ್ಬರಿ ಬರಂಗಿಲ್ಲ. ಅಕಿಗೆ ಅಕಿ ಅವ್ವ ಕಲಿಸಿದ್ದಳಂತ, ಜೇವರ್ಗಿಯಾಗ, ಹಿಂಗs ಕದಾ ಹಾಕ್ಕೊಂಡು. ಹೆಂಗಸು ಮುಟ್ಟಿದ ತಿಗರಿ ಅಂತ ಗೊತ್ತಾದ್ರ ಊರು ಗಡಿಗಿ ತಗೊಳ್ಳಂಗಿಲ್ಲ, ನಾವು ಉಪವಾಸ ಬೀಳ್ತೀವಿ ಅಂತ ನನ್ನ ಕಡಿಂದ ಆಣಿ ಮಾಡಿಸಿದಳು."

"ನನಗ್ಯಾಕ ಹೇಳಲಿಲ್ಲ?"

"ತಂಗಿಗಂತೂ ಹೇಳಬ್ಯಾಡ ಅಂದಿದ್ದಳು. ಅಕಿ ಬಾಯಿ ಹರಕಿ, ಊರ ತುಂಬ ಸಾರತಾಳ ಅಂತ."

ಕೇಂದ್ರದ ಮೇಡಂ ಕಣ್ಣೊರೆಸಿಕೊಂಡರು. "ಎಷ್ಟು ಚಂದ ನೋಡ್ರಿ! ಒಬ್ಬರಿಗೆ ಮಣ್ಣು ಕೊಟ್ಟಾರ, ಒಬ್ಬರಿಗೆ ತಿಗರಿ. ಅಣ್ಣ ತಂಗಿ ಯಾವಾಗಲೂ ಕೂಡೇ ಇರಲಿ ಅಂತ..."

"ಸುಮ್ಮನಿರ್ರಿ ಮೇಡಂ," ಅಂದೆ. ಜೋರಾಗಿಯೇ ಅಂದೆ. ಚಂದವಂತೆ! ಅಜ್ಜಿ ತನ್ನ ಮಗಳಿಗೆ ಕಲಿಸಿದಳು. ಆ ಮಗಳು ತನ್ನ ಮಗಳ ಕಪಾಳಕ್ಕೆ ಹೊಡೆದಳು. ಇದರಲ್ಲಿ ಚಂದ ಎಲ್ಲಿದೆ?

ಈಗಲೂ ಭಾನುವಾರ ಹೋಗುತ್ತೇನೆ. ನನ್ನ ಹುಕುಂ ಪ್ರಕಾರ ಅರಲನ್ನು ಎಲ್ಲರೂ ತುಳಿಯುತ್ತಾರೆ. ಅಡತಿಯವರ ಸೊಸೆ ಬಳೆ ಬಿಚ್ಚಿಟ್ಟು ಇಳಿಯುತ್ತಾಳೆ, ಅಣ್ಣ ಧೋತರ ಮೇಲೆತ್ತಿ ಕಟ್ಟಿ ಇಳಿಯುತ್ತಾನೆ. ಹಲ್ಲಿನಲ್ಲಿ ಕಡಿದು ನೋಡುವುದನ್ನು ಅವನಿಗೆ ಕಲಿಸಿದ್ದೇನೆ. ಅವನೊಂದಿಗಿನ ಜಗಳ ಮುಗಿದಿದೆ. ಹನ್ನೆರಡು ವರ್ಷದ ಮಗನ ತಲೆಯ ಮೇಲೆ ಕೈ ಇರಿಸಿ ಆಣೆ ಮಾಡಿಸಿಕೊಂಡರೆ ಅವನಾದರೂ ಏನು ಮಾಡಿಯಾನು?

ಮುಗಿಯದಿರುವುದು ಅವ್ವನ ಜೊತೆಗಿನದು. ಅವಳು ಹೋಗಿ ಹದಿನಾಲ್ಕು ವರ್ಷವಾಯಿತು. ಕೊನೆಯ ತಿಂಗಳುಗಳಲ್ಲಿ ನಾನೇ ಅವಳ ಕೈಕಾಲು ತೊಳೆಯುತ್ತಿದ್ದೆ, ಉಗುರು ಕತ್ತರಿಸುತ್ತಿದ್ದೆ. ಆ ಹೆಬ್ಬೆರಳನ್ನು ಎಷ್ಟು ಸಲ ಕೈಯಲ್ಲಿ ಹಿಡಿದಿದ್ದೆನೋ. ಆಗಲೂ ಅವಳು ಬಾಯಿ ಬಿಡಲಿಲ್ಲ. ಆಗ ಯಾವ ಗಡಿಗೆ ಮಾರುವುದಿತ್ತು, ಯಾವ ಊರು ಕೇಳುವುದಿತ್ತು? ತಿಗರಿ ಕೊಟ್ಟಿಗೆಯಲ್ಲಿ ಧೂಳು ತಿನ್ನುತ್ತಿತ್ತು.

ಭಾನುವಾರ ತಿಗರಿಗೆ ಕೂತು ಮಣ್ಣಿಗೆ ಹೆಬ್ಬೆರಳು ಇಡುವಾಗಲೆಲ್ಲ ಅವಳೊಂದಿಗೆ ಜಗಳ ಶುರುವಾಗುತ್ತದೆ. ಊರಿಗೆ ಹೆದರಿ ಕದ ಹಾಕಿಕೊಂಡೆ, ಒಪ್ಪಿದೆ ಅವ್ವಾ. ನಾನು ಊರೇನು?