ಹೆಸರು, ವಯಸ್ಸು, ಓಣಿ

ಬೆಟಗೇರಿಯ ಆ ಓಣಿಯಲ್ಲಿ ಎರಡು ಗುಂಪಿನ ಹುಡುಗರು ಸ್ಟಂಪು ಹಿಡಿದು ಹೊಡೆದಾಡಿದ ಮೇಲೆ, ಹಿರಿಯರಿಬ್ಬರು ಪ್ರತಿ ರವಿವಾರ ಮುಂಜಾನೆ ಅವರನ್ನು ಕೂಡಿಸಿ ಮಾತಾಡಿಸತೊಡಗಿದರು. ಒಬ್ಬರು ಮಗ್ಗ ನೇಯುವ ಅಜ್ಜ, ಇನ್ನೊಬ್ಬರು ಚಹಾದಂಗಡಿಯ ಚಾಚಾ. ಕೂಡುತ್ತಿದ್ದುದು ಅಜ್ಜನ ಮನೆಯಲ್ಲಿ. ಪೊಲೀಸರನ್ನು ಕರೆಯುತ್ತಿರಲಿಲ್ಲ. ಒಳಗೆ ಬರುವವರು ಬಾಗಿಲ ಬಳಿಯ ರೊಟ್ಟಿ ಬುಟ್ಟಿಯಲ್ಲಿ ಮೊಬೈಲ್ ಇಟ್ಟು ಬರಬೇಕು, ಅದೊಂದೇ ಕಟ್ಟಳೆ. ವರದಿಗೆಂದು ಹೋದ ನನಗೆ ಮಾತ್ರ ಚಾಚಾ, "ನೀವು ಪೇಪರಿನವ್ರು, ಇರ್ಲಿ ಬಿಡ್ರಿ" ಎಂದರು.

ಹುಡುಗರು ಎರಡು ಗೋಡೆಗೆ ಒರಗಿ, ನೆಲ ನೋಡುತ್ತ ಕುಳಿತಿದ್ದರು.

"ಏನ್ರಲೇ, ರೀಲ್ಸಿನ್ಯಾಗ ಹುಲಿ, ಇಲ್ಲಿ ನೋಡಿದ್ರ ಬೆಕ್ಕಾಗಿ ಕುಂತೀರಿ" ಎಂದು ಅಜ್ಜ ಕೆಣಕಿದರು. ನಗು ಎದ್ದಿತು. ಆಗ ಇಪ್ಪತ್ತರ ಆಸುಪಾಸಿನ ಒಬ್ಬ ಎದ್ದು ನಿಂತ.

"ಮೊದ್ಲ ಹೊಡದಾಂವ ನಾನರಿ. ಇನ್ಮುಂದ ಆ ಗ್ಯಾಂಗಿನ ಕೂಡ ಇರಂಗಿಲ್ಲ. ನಾಳೆಯಿಂದ ಲಕ್ಷ್ಮೇಶ್ವರದಾಗ ಗ್ಯಾರೇಜ್ ಕೆಲಸಕ್ಕ ಹೊಂಟೀನಿ."

ಆ ಕೆಲಸವನ್ನು ಚಾಚಾ ತಮ್ಮ ಮಾತಿನ ಮೇಲೆ ಕೊಡಿಸಿದ್ದರು. ಅವನು ಎದುರು ಗುಂಪಿನವನ ಕೈ ಹಿಡಿದಾಗ ನಾನು ಫೋಟೊ ತೆಗೆದೆ.

ಫೋಟೊದಲ್ಲಿರುವವರ ಹೆಸರಿಲ್ಲದೆ ನಮ್ಮಲ್ಲಿ ಸುದ್ದಿ ಅಚ್ಚಾಗುವುದಿಲ್ಲ. ಹೊರಗೆ ಬಂದ ಮೇಲೆ ಹೆಸರು, ವಯಸ್ಸು, ಓಣಿ ಕೇಳಿದೆ. ಅವನು ಸಂಕೋಚವಿಲ್ಲದೆ ಹೇಳಿದ. ಹಾಕಬಹುದೇ ಎಂದು ನಾನು ಕೇಳಲಿಲ್ಲ. ಹೆಸರು ಹೇಳಿದವರು ಒಪ್ಪಿದಂತೆ ಎಂಬುದು ನಮ್ಮ ರೂಢಿ. ಮರುದಿನ ಫೋಟೊ, ಹೆಸರು, ಮೊದಲು ಹೊಡೆದವನು ತಾನೇ ಎಂದ ಅವನ ಮಾತು ಸಮೇತ ಸುದ್ದಿ ಬಂತು, ಒಳ್ಳೆಯ ಜಾಗದಲ್ಲೇ.

ಗ್ಯಾರೇಜಿನ ಮಾಲೀಕರು ಅದನ್ನು ಓದಿದ್ದರು. ಹುಡುಗ ಬಸ್ಸಿಳಿದು ಹೋದಾಗ ಪೇಪರನ್ನು ಮುಂದಿಟ್ಟು, "ಗಿರಾಕಿ ಏನಂತಾರಪಾ? ಬ್ಯಾಡ" ಎಂದರಂತೆ. ಹಳೆಯ ಗೆಳೆಯರು ಅದೇ ಫೋಟೊವನ್ನು ಸ್ಟೇಟಸ್ಸಿಗೆ ಹಾಕಿ ಆಡಿಕೊಂಡರು. ಮುಂದಿನ ರವಿವಾರ ಅವನು ಬರಲಿಲ್ಲ. ಅದರ ಮುಂದಿನ ವಾರ ಯಾರೂ ಬರಲಿಲ್ಲ.

ಚಾಚಾನ ಅಂಗಡಿಗೆ ಹೋದೆ. ಗ್ಯಾರೇಜಿನವರ ಜೊತೆ ನಾನೇ ಮಾತಾಡುತ್ತೇನೆ, ಬೇಕಾದರೆ ಇನ್ನೊಂದು ಸುದ್ದಿ ಬರೆಯುತ್ತೇನೆ ಎಂದೆ.

"ಇನ್ನೊಂದು ಬ್ಯಾಡ್ರಿ ಸರ. ನೀವು ಬರದದ್ದು ಖರೇನ ಐತಿ. ಆದ್ರ ಅಂವ ಹೇಳಿದ್ದು ನಮ್ಮ ಮುಂದ, ಊರ ಮುಂದಲ್ಲ."

ಹಾಗೆಂದು ಚಹಾ ಕೊಟ್ಟರು. ಎದುರಿನ ಕಟ್ಟೆಯ ಮೇಲೆ ಆ ಹುಡುಗ ಹಳೆಯ ಗುಂಪಿನ ನಡುವೆ ಕುಳಿತಿದ್ದ. ನನ್ನನ್ನು ಕಂಡು, ಠಾಣೆಯ ಮುಂದೆ ಆರೋಪಿಗಳು ಮಾಡುವ ಹಾಗೆ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ.

"ಫೋಟೊ ತಗೀತಾರ್ಲೇ, ಜಲ್ದಿ ಮುಚ್ಕೋರಿ!" ಎಂದು ಗೆಳೆಯರಿಗೆ ಕೂಗಿದ.

ಎಲ್ಲರೂ ನಕ್ಕರು. ಹತ್ತು ಹೆಜ್ಜೆ ದಾಟಿ ಹೋಗಿ ಅವನ ಕ್ಷಮೆ ಕೇಳಬಹುದಿತ್ತು. ನಾನು ಚಹಾ ಮುಗಿಸಿ ಆಫೀಸಿಗೆ ಹೋದೆ.