ನಮ್ಮ ಬೀದಿಯ ತಾತನ ಮೀಸೆ

ನಮ್ಮ ಬೀದಿಯ ಚರಂಡಿ ಒಂದು ಕಡೆ ಸೊಟ್ಟಗಿದೆ. ಮೇಲಿನ ಕ್ರಾಸಿನಿಂದ ನೆಟ್ಟಗೆ ಬಂದು, ನಮ್ಮ ಮನೆಯ ಮುಂದೆ ಇದ್ದಕ್ಕಿದ್ದಂತೆ ರಸ್ತೆಯತ್ತ ಬಾಗಿ, ಮತ್ತೆ ನೆಟ್ಟಗಾಗುತ್ತದೆ. ಹೊಸಬರು ಕಂಟ್ರಾಕ್ಟರನಿಗೆ ಬೈಯುತ್ತಾರೆ. ನನಗೆ ಮಾತ್ರ ಆ ಸೊಟ್ಟು ಕಂಡಾಗಲೆಲ್ಲ ಖುಷಿಯಾಗುತ್ತದೆ.

ಅದು ಬಳಸಿ ಹೋಗುವುದು ಒಂದು ವೀರಗಲ್ಲನ್ನು. ಎದೆಯೆತ್ತರದ ಕಲ್ಲು, ಯಾವ ಕಾಲದ್ದೋ, ಯಾವ ಕಾಳಗದ್ದೋ ನಮಗೆ ಗೊತ್ತಿರಲಿಲ್ಲ. ಈಗ ನಗರದೊಳಗೆ ಸೇರಿಹೋಗಿರುವ ನಮ್ಮ ತಲಘಟ್ಟಪುರದ ಸುತ್ತ ರಾಗಿ ಹೊಲಗಳಿದ್ದ ಕಾಲದಿಂದ ಊರವರಿಗೆ ಅದು 'ತಾತ'. ಅರಿಸಿನ, ಎಣ್ಣೆ, ಹಬ್ಬಕ್ಕೊಂದು ಕೈ ಬಣ್ಣ ಬಿದ್ದು ಬಿದ್ದು ತಾತನ ಮುಖ ಹಲಸಿನ ಹಣ್ಣಿನಂತೆ ಉಬ್ಬಿಹೋಗಿತ್ತು. ಅದರ ಮೇಲೆ ನನ್ನ ಅತ್ತೆ ಬರೆದ ಕಪ್ಪು ಗಿರಿಜಾ ಮೀಸೆ. ನಾನು ಸೊಸೆಯಾಗಿ ಬಂದ ದಿನ ಕಾರನ್ನು ಅಲ್ಲೇ ನಿಲ್ಲಿಸಿ, "ತಲೆ ಮೇಲೆ ಸೆರಗು ಹಾಕ್ಕೊಳ್ಳಮ್ಮ, ತಾತ ನೋಡ್ತಾವ್ರೆ" ಎಂದಿದ್ದರು ಅತ್ತೆ. ಕಲ್ಲಿಗೂ ನಾಚಬೇಕಾ ಎಂದು ನನಗೆ ಒಳಗೊಳಗೇ ರೇಗಿತ್ತು.

ಹೊಲವೆಲ್ಲ ಬಾಡಿಗೆ ಮನೆಗಳಾದ ಮೇಲೂ ಅತ್ತೆ ತಾತನಿಗೆ ಮೊದಲ ಫಸಲು ತಪ್ಪಿಸಲಿಲ್ಲ. ಅವರೆಕಾಯಿ ಕಾಲ ಬಂತೆಂದರೆ ಮಡಿವಾಳ ಮಾರ್ಕೆಟ್ಟಿನಿಂದ ಸೊಗಡಿನ ಕಾಯಿ ತರಿಸಿ, "ಈ ವರ್ಷದ್ದು ತಾತಾ, ಚೆನ್ನಾಗ್ ಬಂದೈತೆ" ಎಂದು ಮುಂದಿಡುತ್ತಿದ್ದರು. ಬೆಳೆದವರು ಯಾರೋ, ಬೀಗುವವರು ನಾವು.

ಚರಂಡಿ ಕೆಲಸ ಶುರುವಾದಾಗ ಕಲ್ಲು ಸರಿಯಾಗಿ ಗೆರೆಯ ಮೇಲೇ ಸಿಕ್ಕಿತು. ವಾರ್ಡ್ ಕಚೇರಿಯ ಎಂಜಿನಿಯರ್ ಮೇಡಂ ಬಂದು ಅಳೆದರು, ಫೋಟೊ ತೆಗೆದರು, ಇಂಥ ಕಲ್ಲುಗಳನ್ನು ಕೆಲವು ಕಡೆ ಮ್ಯೂಸಿಯಂಗೆ ಸಾಗಿಸಿದ್ದಾರೆ ಎಂದೂ ಹೇಳಿದರು. ಅತ್ತೆಯ ಮುಖ ಸಣ್ಣಗಾಯಿತು.

"ಇಲ್ಲೇ ಬಿಡಿ ಮೇಡಂ. ನಮ್ ಹೊಲ ಹೋಯ್ತು, ಕೆರೆ ಹೋಯ್ತು. ತಾತನೂ ಹೋದ್ರೆ ಇದು ನಮ್ಮೂರು ಅನ್ನೋಕೆ ಏನೈತೆ?"

"ನೋಡೋಣ ಅಮ್ಮ," ಎಂದರು ಮೇಡಂ.

ಕಚೇರಿಯವರ 'ನೋಡೋಣ' ಎಂದರೆ 'ಆಗಲ್ಲ' ಎಂದೇ ನನ್ನ ಲೆಕ್ಕ. ರಕ್ತ ಕುದಿಯಿತು. ಪೂಜೆ ನಡೆಯುವ ದೇವರನ್ನು ಮುಟ್ಟಲು ಯಾರಿಗೆ ಧೈರ್ಯ, ನೋಡೇಬಿಡೋಣ ಎಂದು ಪೇಂಟ್ ಅಂಗಡಿಗೆ ಓಡಿದೆ. ಬೀದಿಯ ಹೆಂಗಸರೆಲ್ಲ ಸೇರಿ ತಾತನಿಗೆ ಮೈತುಂಬ ಹಳದಿ, ಕೆಂಪು ಕಚ್ಚೆ, ಬೆಳ್ಳಿ ಬಣ್ಣದ ಕಣ್ಣು ಮಾಡಿದೆವು. ಅತ್ತೆ ಮೀಸೆಯನ್ನು ಕಿವಿಯವರೆಗೂ ಎಳೆದರು. ತಾತ ಸಖತ್ತಾಗಿ ಕಾಣುತ್ತಿದ್ದ.

ಅದೇ ವಾರ ಮತ್ತೆ ಬಂದ ಮೇಡಂ ಕಲ್ಲನ್ನು ನೋಡಿ ತಲೆಯ ಮೇಲೆ ಕೈ ಹೊತ್ತರು. ಅವರು ತಂದಿದ್ದ ಹೊಸ ನಕ್ಷೆಯಲ್ಲಿ ಚರಂಡಿ ಕಲ್ಲನ್ನು ಬಳಸಿ ಹೋಗಿತ್ತು.

"ಇಲ್ಲೇ ಉಳ್ಸೋಕೆ ಅಂತ ಪ್ಲಾನೇ ಚೇಂಜ್ ಮಾಡ್ಸಿದೀನಿ ಅಮ್ಮ. ಸುತ್ತ ಕಂಬಿ, ಪಕ್ಕದಲ್ಲಿ ಊರಿನ ಚರಿತ್ರೆಯ ಬೋರ್ಡು. ಆದ್ರೆ ಕೆತ್ತನೆ ಕಾಣ್ಬೇಕಲ್ವಾ? ಸೋಮವಾರ ನಮ್ ಸಾಹೇಬ್ರು ನೋಡೋಕೆ ಬರ್ತಾರೆ. ಈ ಬಣ್ಣ ನೋಡಿದ್ರೆ, ಇಲ್ಲಿದ್ರೆ ಹಾಳಾಗುತ್ತೆ, ಮ್ಯೂಸಿಯಂಗೇ ಕಳ್ಸಿ ಅಂತಾರೆ."

ನನ್ನ ಜೋರೆಲ್ಲ ಇಳಿದುಹೋಯಿತು. "ಬಣ್ಣ ತರೋಕೆ ನಿಂಗೇನ್ ಅವಸರ ಬಂದಿತ್ತು?" ಎಂದು ಅತ್ತೆ ನನಗೇ ಗದರಿದರು, ಅವರ ಬೆರಳುಗಳಲ್ಲಿ ಮೀಸೆಯ ಕಪ್ಪು ಇನ್ನೂ ಹೋಗಿರಲಿಲ್ಲ.

ಭಾನುವಾರ ಬೀದಿಗೆ ಬೀದಿಯೇ ಕಲ್ಲಿನ ಮುಂದೆ ಕೂತಿತು. ಮೇಡಂ ರಜೆಯ ದಿನವೂ ಬಂದು, ಕಬ್ಬಿಣ ಮುಟ್ಟಿಸಬೇಡಿ ಎಂದು ಕಾವಲು ನಿಂತರು. ಥಿನ್ನರಿನಲ್ಲಿ ಅದ್ದಿದ ಬಟ್ಟೆ, ತೆಂಗಿನ ನಾರು, ಬಿದಿರಿನ ಕಡ್ಡಿ. ಹಳದಿಯ ಕೆಳಗೆ ಹಸಿರು, ಹಸಿರಿನ ಕೆಳಗೆ ನೀಲಿ. ಒಂದೊಂದಕ್ಕೂ ಅತ್ತೆಯ ಬಳಿ ಕಥೆ. ಇದು ಮಗನ ಮದುವೆಗೆ ಹಚ್ಚಿದ್ದು, ಇದು ಸೀಮೆಹಸು ತಂದ ವರ್ಷದ್ದು, ಈ ನೀಲಿ ಮನೆ ಕಿಟಕಿಗೆ ಬಳಿದು ಮಿಕ್ಕಿದ್ದು! ನಡುವೆ ಯಾರೋ ಚಿತ್ರಾನ್ನ ತಂದರು. ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು.

ನಮ್ಮ ಮಹಡಿಯಲ್ಲಿ ಬಾಡಿಗೆಗಿರುವ ಧಾರವಾಡ ಕಡೆಯ ಹುಡುಗಿ ಮುಖದ ಭಾಗ ಒರೆಸುತ್ತಿದ್ದಳು. ಇದ್ದಕ್ಕಿದ್ದಂತೆ ಕೂಗಿದಳು: "ಅಕ್ಕಾರ, ಇವಂಗ ಮೀಸಿನ ಇಲ್ರೀ!"

ಎಲ್ಲರೂ ಮುಗಿಬಿದ್ದೆವು. ಕಲ್ಲಿನಲ್ಲಿ ನಿಂತಿದ್ದವನು ನುಣುಪು ಕೆನ್ನೆಯ ಹುಡುಗ. ಕೈಯಲ್ಲಿ ಕತ್ತಿ, ಬೆನ್ನ ಹಿಂದೆ ಎರಡು ಹಸು. ದನ ಹೊಡೆದುಕೊಂಡು ಹೋಗಲು ಬಂದವರನ್ನು ತಡೆಯುತ್ತಾ ಸತ್ತವನಿರಬೇಕು ಎಂದರು ಮೇಡಂ.

ಇಷ್ಟು ವರ್ಷ ಸೆರಗು ಹೊದ್ದು ಹೆದರಿದ್ದು ಈ ಪೋರನಿಗಾ ಎಂದು ಬೀದಿಯೆಲ್ಲ ಗೊಳ್ಳೆಂದಿತು. ಅತ್ತೆ ನಗಲಿಲ್ಲ. ಕೊಟ್ಟಿಗೆ ತುಂಬ ಹಸು ಕಟ್ಟಿದ್ದ ಹೆಂಗಸು. "ಹಸು ಉಳ್ಸೋಕೆ ಹೋದ್ನಾ?" ಎಂದು ಮೆಲ್ಲಗೆ ಕೇಳಿ, ಅವನ ಕೆನ್ನೆಯಲ್ಲಿ ಉಳಿದಿದ್ದ ಹಳದಿಯನ್ನು ಸೆರಗಿನ ತುದಿಯಿಂದ ಒರೆಸಿದರು.

ಸೋಮವಾರ ಸಾಹೇಬರು ಬಂದು ಕಲ್ಲಿನ ಸುತ್ತ ಓಡಾಡಿ, ಇಲ್ಲೇ ಇರಲಿ ಎಂದರು. ಚರಂಡಿ ಸೊಟ್ಟಗಾಯಿತು. ಕಂಬಿ ಬಂತು, ಬೋರ್ಡು ಬಂತು. ಎಣ್ಣೆ, ಬಣ್ಣ ಬೇಡ, ಹೂವು ಇಟ್ಟರೆ ತೊಂದರೆಯಿಲ್ಲ ಎಂದು ಮೇಡಂ ನನ್ನ ಮುಖವನ್ನೇ ನೋಡಿಕೊಂಡು ಹೇಳಿದರು.

ಈ ಸಲ ಅವರೆಕಾಯಿ ಬಂದಾಗ ಅತ್ತೆ ತಲೆಯ ಮೇಲೆ ಸೆರಗು ಹೊದೆಯಲಿಲ್ಲ. ಹಸಿ ಕಾಯಿಯನ್ನೂ ಇಡಲಿಲ್ಲ. ಹಿತಕಿದ ಬೇಳೆಯ ಸಾರು ಮಾಡಿ, ಮುದ್ದೆಯ ಜೊತೆ ತಟ್ಟೆಯಲ್ಲೇ ತಂದು ಕಂಬಿಯೊಳಗೆ ಇಟ್ಟರು.

"ಬಿಸಿಯಾಗೈತೆ, ಉಣ್ಣು ಮಗಾ," ಎಂದರು. "ಹಸುನ ನಾನ್ ನೋಡ್ಕೋತೀನಿ."